ಸೈಕಲ್ ಗಾಲಿ, ಹಿತ್ತಲ ಬಾಗಿಲು: ಕೋನೀಯ ಆವೇಗವನ್ನು ಮನೆಯಲ್ಲೇ ಅಳೆಯುವ ಬಗೆ

ನಮ್ಮ ಹಿತ್ತಲ ಬಾಗಿಲಿನ ಹಿಂಜು ಮೂರನೇ ಸಲ ಕಿತ್ತು ಬಂದದ್ದು ಕಳೆದ ಆಷಾಢದಲ್ಲಿ. ಅರಸೀಕೆರೆ ಕಡೆಯ ಆಷಾಢದ ಗಾಳಿಯನ್ನು ಕಂಡವರಿಗೆ ಹೇಳಬೇಕಾಗಿಲ್ಲ. ತೆಂಗಿನ ಗರಿಗಳೆಲ್ಲ ಬಾಚಣಿಗೆಯಲ್ಲಿ ಬಾಚಿದ ಹಾಗೆ ಒಂದೇ ಕಡೆಗೆ ವಾಲಿರುತ್ತವೆ. ಮುಂಬಾಗಿಲು ತೆಗೆದರೆ ಸಾಕು, ಹಿಂಬಾಗಿಲು ತಾನಾಗಿ ತೆರೆದುಕೊಂಡು ಧಡಾರ್ ಎನ್ನುತ್ತದೆ. ಗೋಡೆಗೆ ಬಡಿಯದಿರಲಿ ಅಂತ ಬಡಗಿ ನೆಲಕ್ಕೆ ಒಂದು ರಬ್ಬರ್ ಸ್ಟಾಪರ್ ಕೂರಿಸಿದ್ದ. ಕೂರಿಸಿದ್ದು ಹಿಂಜಿನಿಂದ ಬರೀ ಅರ್ಧ ಅಡಿ ದೂರದಲ್ಲಿ. "ಮೂಲೇಲಿದ್ರೆ ಯಾರೂ ಎಡವಲ್ಲ ಮೇಡಂ" ಅಂದಿದ್ದ. ಮೊದಲ ಸಲ ಹಿಂಜು ಕಿತ್ತಾಗ ಒಂದಿಂಚಿನ ಸ್ಕ್ರೂ ತೆಗೆದು ಒಂದೂವರೆ ಇಂಚಿನದು ಹಾಕಿದ. ಎರಡನೇ ಸಲ ಎರಡಿಂಚಿನದು. ಮೂರನೇ ಸಲ ಸ್ಕ್ರೂ ಗಟ್ಟಿಯಾಗಿಯೇ ನಿಂತಿತ್ತು, ಚೌಕಟ್ಟಿನ ಮರವೇ ಸೀಳಿತ್ತು.

ಇಪ್ಪತ್ತೆರಡು ವರ್ಷದಿಂದ ಪಿಯುಸಿ ಹುಡುಗರಿಗೆ ಭ್ರಮಣ ಚಲನೆ ಪಾಠ ಮಾಡುವ ನಾನು, ಸೀಳಿದ ಚೌಕಟ್ಟಿನ ಮುಂದೆ ನಿಂತು ಪೆದ್ದಿಯ ಹಾಗೆ ನೋಡುತ್ತಿದ್ದೆ. ತಪ್ಪು ಸ್ಕ್ರೂವಿನದಲ್ಲ, ಸ್ಟಾಪರ್ ಕೂತ ಜಾಗದ್ದು. ಜಾಗ ಎಲ್ಲಿ ಎಂದು ಹೇಳುವ ಲೆಕ್ಕವನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಅಳಿಸುತ್ತೇನೆ. ಕೋನೀಯ ಆವೇಗ. ಹುಡುಗರ ಬಾಯಲ್ಲಿ ಆಂಗ್ಯುಲರ್ ಇಂಪಲ್ಸ್.

ಬಾಗಿಲಿನ ಕಥೆಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ಅಳೆಯುವುದನ್ನು ಕಲಿಯೋಣ. ಅದಕ್ಕೆ ಬೇಕಾದ್ದು ಒಂದು ಹಳೇ ಸೈಕಲ್.

ಹೆಸರಿನ ಗೋಜಲು

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇಲ್ಲೊಂದು ತೊಡಕಿದೆ. ಆವೇಗ ಬೇರೆ, ಸಂವೇಗ ಬೇರೆ, ವೇಗ ಬೇರೆ. ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ಅದರ ಮೇಲೆ, ದಿನನಿತ್ಯದ ಮಾತಿನಲ್ಲಿ "ಆವೇಗದಲ್ಲಿ ಏನೇನೋ ಅಂದುಬಿಟ್ಟ" ಎನ್ನುವಾಗ ಆವೇಗ ಎಂದರೆ ಮನಸ್ಸಿನ ಉಬ್ಬರ. ಭೌತಶಾಸ್ತ್ರದಲ್ಲಿ ಹಾಗಲ್ಲ. ಸಂವೇಗ ಎಂದರೆ ವಸ್ತುವಿನ ಹತ್ತಿರ ಈಗ ಇರುವ ಚಲನೆಯ ಮೊತ್ತ. ಆವೇಗ ಎಂದರೆ ಹೊರಗಿನಿಂದ ಬಂದು ಸೇರಿದ ಅಥವಾ ಕಳೆದುಹೋದ ಭಾಗ. ಒಂದು ಬ್ಯಾಲೆನ್ಸು, ಇನ್ನೊಂದು ಜಮಾ-ಖರ್ಚು. ತಿರುಗುವ ವಸ್ತುವಿನ ಮಾತಾದರೆ ಎರಡರ ಹಿಂದೆಯೂ "ಕೋನೀಯ" ಸೇರಿಸಿ.

ತಿರುಗಿಸುವ ತಾಕತ್ತಿಗೆ ಟಾರ್ಕ್ ಎನ್ನುತ್ತೇವೆ: ಬಲವನ್ನು ಅಕ್ಷದಿಂದ ಅದರ ಲಂಬ ದೂರದಿಂದ ಗುಣಿಸಿದ್ದು. ಆ ಟಾರ್ಕ್ ಎಷ್ಟು ಹೊತ್ತು ದುಡಿಯಿತು ಎಂಬುದನ್ನೂ ಸೇರಿಸಿದರೆ ಕೋನೀಯ ಆವೇಗ. ಟಾರ್ಕ್ ಒಂದೇ ಸಮನಿದ್ದರೆ ಟಾರ್ಕ್ ಗುಣಿಸು ಸಮಯ, ಅಷ್ಟೇ. ಏರಿಳಿಯುತ್ತಿದ್ದರೆ ಪುಟ್ಟ ಪುಟ್ಟ ಕ್ಷಣಗಳಾಗಿ ಕತ್ತರಿಸಿ ಗುಣಿಸಿ ಕೂಡಿಸಬೇಕು, ಅಂದರೆ ಅನುಕಲನ. ಏಕಮಾನ ನ್ಯೂಟನ್ ಮೀಟರ್ ಸೆಕೆಂಡ್. ಇದು ಜೂಲ್ ಸೆಕೆಂಡ್ ಕೂಡ ಹೌದು, ಹಾಗಾಗಿ ಪ್ಲಾಂಕ್ ಸ್ಥಿರಾಂಕದ ಏಕಮಾನವೂ ಇದೇ. ಸಿಇಟಿ ಬರೆಯುವವರು ಗುರುತು ಹಾಕಿಕೊಳ್ಳಿ, ಆಯಾಮಗಳ ಪ್ರಶ್ನೆಗೆ ಇದು ಹೇಳಿ ಮಾಡಿಸಿದ್ದು.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಏಟಿನ ಬಲವನ್ನು ನೇರವಾಗಿ ಅಳೆಯಲು ಹೋಗಬೇಡಿ. ಅಂಗೈಯಿಂದ ಗಾಲಿಯನ್ನು ತಟ್ಟಿದಾಗ ಬಲ ಹತ್ತನೇ ಒಂದು ಸೆಕೆಂಡಿನೊಳಗೆ ಏರಿ ಇಳಿದು ಮುಗಿದಿರುತ್ತದೆ. ಅದನ್ನು ಹಿಡಿಯಲು ಮನೆಯಲ್ಲಿ ಉಪಕರಣ ಇಲ್ಲ. ದೇವಸ್ಥಾನದ ಹುಂಡಿಗೆ ಎಷ್ಟು ಬಿತ್ತು ಅಂತ ತಿಳಿಯಲು ಹಾಕಿದವರ ಕೈ ಕೈ ನೋಡುತ್ತಾ ನಿಲ್ಲುತ್ತಾರೆಯೇ? ಹುಂಡಿ ಒಡೆದು ಎಣಿಸುತ್ತಾರೆ. ಹಾಗೆಯೇ ಇಲ್ಲಿ. ಏಟಿಗೆ ಮುಂಚೆ ಗಾಲಿಯ ಕೋನೀಯ ಸಂವೇಗ ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಎರಡರ ವ್ಯತ್ಯಾಸವೇ ಏಟು ಕೊಟ್ಟ ಕೋನೀಯ ಆವೇಗ. ಇದು ಅಂದಾಜಲ್ಲ, ನ್ಯೂಟನ್ನನ ಎರಡನೇ ನಿಯಮವೇ.

ಗಾಲಿಯನ್ನು ಅಣಿಮಾಡುವುದು

ನಮ್ಮಪ್ಪನದು ಸೈಕಲ್ ಶಾಪ್. ಅಪ್ಪ ಹೋದ ಮೇಲೆ ಅಂಗಡಿ ಹೋಯಿತು, ಒಂದು 28 ಇಂಚಿನ ಕಪ್ಪು ಸೈಕಲ್ ಮಾತ್ರ ಉಳಿದಿದೆ. ನಿಮಗೆ ಯಾವ ಸೈಕಲ್ ಆದರೂ ನಡೆಯುತ್ತದೆ, ಆದರೆ ಮುಂದಿನ ಗಾಲಿಯೇ ಆಗಬೇಕು. ಹಿಂದಿನದಕ್ಕೆ ಫ್ರೀವೀಲ್, ಚೈನು ಎಲ್ಲ ಅಂಟಿಕೊಂಡಿರುತ್ತದೆ.

ಟೈರು, ಟ್ಯೂಬು ಬಿಚ್ಚಿ. ಬರೀ ರಿಮ್ಮು, ಕಡ್ಡಿ, ಹಬ್ಬು ಉಳಿಯಲಿ. ಟೈರು ಕೂರುವ ಆ ಗುಳಿಯೇ ನಮಗೆ ದಾರ ಸುತ್ತಲು ರಾಟೆಯಾಗುತ್ತದೆ. ಸೈಕಲ್ಲನ್ನು ತಲೆಕೆಳಗು ಮಾಡಿ ಒಂದು ಗಟ್ಟಿ ಬೆಂಚಿನ ಮೇಲೆ ನಿಲ್ಲಿಸಿ, ಮುಂದಿನ ಗಾಲಿ ಬೆಂಚಿನ ಅಂಚಿನಿಂದ ಆಚೆಗೆ ಚಾಚಿರಲಿ. ನೆಲದಿಂದ ಆಕ್ಸಲ್‌ಗೆ ಒಂದು ಮೀಟರಿಗಿಂತ ಹೆಚ್ಚು ಎತ್ತರ ಸಿಗಬೇಕು. ಬ್ರೇಕಿನ ರಬ್ಬರು ರಿಮ್ಮಿಗೆ ಎಲ್ಲೂ ತಾಗಬಾರದು. ಆಕ್ಸಲ್ ಮೇಲೆ ಬಾಲ್ಸನ್ನು ಅದುಮಿ ಹಿಡಿಯುವ ಕೋನ್ ತೀರಾ ಬಿಗಿಯಾಗಿದ್ದರೆ ಕಾಲು ಸುತ್ತು ಸಡಿಲಿಸಿ. ಒಳಗಿನ ಬಾಲ್ಸು ಕರಕರ ಎನ್ನುತ್ತಿದ್ದರೆ ಹೊಸ ಗ್ರೀಸು ತುಂಬಿ. ಇದನ್ನು ಸೋಮಾರಿತನಕ್ಕೆ ಬಿಟ್ಟರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ.

ಇನ್ನೊಂದು ಪರೀಕ್ಷೆ. ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಡಿ. ಪ್ರತಿ ಸಲವೂ ಒಂದೇ ಭಾಗ ಕೆಳಗೆ ಬಂದು, ತೊಟ್ಟಿಲ ಹಾಗೆ ತೂಗಿ ನಿಂತರೆ ಅಲ್ಲಿ ಭಾರ ಹೆಚ್ಚಿದೆ ಎಂದು ಅರ್ಥ. ಅದರ ಎದುರು ಬದಿಯ ಕಡ್ಡಿಗೆ ಸಣ್ಣ ತಂತಿ ಸುತ್ತಿ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ತನಕ ತಂತಿ ಸೇರಿಸುತ್ತಾ, ಕತ್ತರಿಸುತ್ತಾ ಹೋಗಿ. ಅಪ್ಪ ಬೆಂಡು ತೆಗೆಯುವಾಗ ಹೆಬ್ಬೆರಳನ್ನು ಫೋರ್ಕಿಗೆ ಆನಿಸಿ, ಉಗುರನ್ನು ರಿಮ್ಮಿಗೆ ತಾಗುವಷ್ಟು ಹತ್ತಿರ ಹಿಡಿದು, ಸದ್ದು ಕೇಳಿಸಿಕೊಂಡೇ ಯಾವ ಕಡ್ಡಿ ಎಂದು ಹೇಳುತ್ತಿದ್ದ. ಆ ಕಿವಿ ನನಗೆ ಬಂದಿಲ್ಲ, ನಾನು ತಂತಿ ಕತ್ತರಿಸುತ್ತಾ ಅರ್ಧ ಗಂಟೆ ಕಳೆದೆ.

ತ್ರಿಜ್ಯಕ್ಕೆ ಸ್ಕೇಲು ಹಿಡಿಯಬೇಡಿ, ಹಬ್ಬು ಅಡ್ಡ ಬರುತ್ತದೆ. ಗುಳಿಯೊಳಗೆ ಒಂದು ಸುತ್ತು ದಾರ ಹಾಕಿ ಆ ದಾರವನ್ನು ಅಳೆಯಿರಿ. ನನಗೆ ಸಿಕ್ಕಿದ್ದು 195 ಸೆಂಟಿಮೀಟರ್. 6.28ರಿಂದ ಭಾಗಿಸಿದರೆ 31 ಸೆಂಟಿಮೀಟರ್, ಅಂದರೆ 0.31 ಮೀಟರ್.

ಮೊದಲು ಘರ್ಷಣೆ, ಆಮೇಲೆ ಜಡತ್ವ

ರಿಮ್ಮಿನ ಒಂದು ಕಡೆ ಬಿಳಿ ಟೇಪು ಅಂಟಿಸಿ, ಫೋನನ್ನು ಎದುರಿಗೆ ನಿಲ್ಲಿಸಿ ವಿಡಿಯೋ ಇಡಿ. ಗಾಲಿಯನ್ನು ಜೋರಾಗಿ ತಿರುಗಿಸಿ ಬಿಟ್ಟು, ಪೂರ್ತಿ ನಿಲ್ಲುವ ತನಕ ಕಾಯಿರಿ. ವಿಡಿಯೋದಲ್ಲಿ, ಒಂದು ಸುತ್ತಿಗೆ ಸರಿಯಾಗಿ ಅರ್ಧ ಸೆಕೆಂಡ್ ತೆಗೆದುಕೊಳ್ಳುತ್ತಿದ್ದ ಘಳಿಗೆಯನ್ನು ಹುಡುಕಿ. ಅಲ್ಲಿಂದ ನಿಲ್ಲುವವರೆಗೆ ಎಷ್ಟು ಸೆಕೆಂಡ್ ಎಂದು ನೋಡಿ. ನನ್ನ ಗಾಲಿಗೆ 84 ಸೆಕೆಂಡ್ ಹಿಡಿಯಿತು. ಕೋನವನ್ನು ರೇಡಿಯನ್ನಿನಲ್ಲಿ ಅಳೆದರೆ ಒಂದು ಸುತ್ತಿಗೆ 6.28, ಆದ್ದರಿಂದ ಸೆಕೆಂಡಿಗೆ ಎರಡು ಸುತ್ತು ಎಂದರೆ ಕೋನೀಯ ವೇಗ ಸೆಕೆಂಡಿಗೆ 12.57 ರೇಡಿಯನ್. 84ರಿಂದ ಭಾಗಿಸಿದರೆ, ಘರ್ಷಣೆ ಪ್ರತಿ ಸೆಕೆಂಡಿಗೆ 0.15 ರೇಡಿಯನ್ನಿನಷ್ಟು ಕೋನೀಯ ವೇಗವನ್ನು ತಿನ್ನುತ್ತಿದೆ ಎಂದಾಯಿತು. ಈ 0.15 ಬರೆದಿಟ್ಟುಕೊಳ್ಳಿ.

ಈಗ ಜಡತ್ವ ಭ್ರಾಮಕ. ಗಾಲಿ ತಿರುಗಲು ಎಷ್ಟು ಹಟ ಮಾಡುತ್ತದೆ ಎಂಬುದರ ಅಳತೆ. ಟಾರ್ಕನ್ನು ಅದು ಹುಟ್ಟಿಸಿದ ಕೋನೀಯ ವೇಗೋತ್ಕರ್ಷದಿಂದ ಭಾಗಿಸಿದರೆ ಇದು ಸಿಗುತ್ತದೆ, ಇದನ್ನು ಕೋನೀಯ ವೇಗದಿಂದ ಗುಣಿಸಿದರೆ ಕೋನೀಯ ಸಂವೇಗ. ಇದನ್ನು ಪುಸ್ತಕದ ಸೂತ್ರದಿಂದ ತೆಗೆಯಬಹುದು, ಆದರೆ ರಿಮ್ಮಿನ ತೂಕ, ಕಡ್ಡಿಯ ತೂಕ ಬೇರೆ ಬೇರೆ ಗೊತ್ತಿಲ್ಲದೆ ಅದು ಬರೀ ಊಹೆ. ಬೀಳುವ ತೂಕದಿಂದ ತೆಗೆಯುವುದೇ ವಾಸಿ.

ವಾಲ್ವಿನ ತೂತಿಗೆ ಒಂದು ಬೆಂಕಿಕಡ್ಡಿ ಚುಚ್ಚಿ. ಟ್ವೈನ್ ದಾರದ ತುದಿಗೆ ಕುಣಿಕೆ ಮಾಡಿ ಕಡ್ಡಿಗೆ ಸಡಿಲವಾಗಿ ತೊಡಿಸಿ, ದಾರವನ್ನು ಗುಳಿಯೊಳಗೆ ಅರ್ಧ ಸುತ್ತಿಗಿಂತ ತುಸು ಹೆಚ್ಚು ಸುತ್ತಿ. ಇನ್ನೊಂದು ತುದಿಗೆ ಕಿರಾಣಿ ಅಂಗಡಿಯ 100 ಗ್ರಾಂ ಬಟ್ಟು. ಬಟ್ಟಿನ ತಳ ನೆಲದಿಂದ ಸರಿಯಾಗಿ ಒಂದು ಮೀಟರ್ ಮೇಲಿರಲಿ, ಕೆಳಗೆ ಗೋಣಿಚೀಲ ಹಾಸಿ. ಬಿಡಿ. ತಳ್ಳಬೇಡಿ, ಬರೀ ಬಿಡಿ. ಬಟ್ಟು ನೆಲ ಮುಟ್ಟಿದ ಮೇಲೆ ಕುಣಿಕೆ ತಾನಾಗಿ ಕಡ್ಡಿಯಿಂದ ಜಾರಿ ಬೀಳಬೇಕು, ಗಾಲಿ ತನ್ನ ಪಾಡಿಗೆ ತಿರುಗುತ್ತಿರಬೇಕು. ಕುಣಿಕೆ ಸಿಕ್ಕಿಕೊಂಡರೆ ದಾರ ಹಿಂದಕ್ಕೆ ಸುತ್ತಿಕೊಂಡು ಬಟ್ಟು ಮೇಲೆದ್ದು ಬರುತ್ತದೆ. ಒಮ್ಮೆ ನನ್ನ ಮೊಣಕೈಗೆ ಬಂದು ಬಡಿದಿದೆ.

ಐದು ಸಲ ಮಾಡಿದೆ: 1.57, 1.63, 1.60, 1.58, 1.62 ಸೆಕೆಂಡ್. ಸರಾಸರಿ 1.60. ಸ್ಟಾಪ್‌ವಾಚಿನ ಗುಂಡಿ ಒತ್ತುವ ಬೆರಳನ್ನು ನಂಬಬೇಡಿ, ವಿಡಿಯೋದ ಫ್ರೇಮು ಎಣಿಸಿ.

ಇನ್ನು ಲೆಕ್ಕ. ನಿಂತಲ್ಲಿಂದ ಹೊರಟು 1.60 ಸೆಕೆಂಡಿನಲ್ಲಿ ಒಂದು ಮೀಟರ್ ಇಳಿದಿದೆ, ಆದ್ದರಿಂದ ವೇಗೋತ್ಕರ್ಷ, ಅಂದರೆ ದೂರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದ್ದು, 2 ಭಾಗಿಸು 2.56: 0.78. ಅದನ್ನು 0.31ರಿಂದ ಭಾಗಿಸಿದರೆ ಗಾಲಿಯ ಕೋನೀಯ ವೇಗೋತ್ಕರ್ಷ 2.52. ದಾರದ ಎಳೆತ ಎಷ್ಟು? ಇಲ್ಲಿ ತರಗತಿಯ ಅರ್ಧ ಜನ ಜಾರುತ್ತಾರೆ. 100 ಗ್ರಾಂ ತೂಕ 0.98 ನ್ಯೂಟನ್, ಹಾಗಾಗಿ ಎಳೆತವೂ ಅಷ್ಟೇ ಎಂದು ಬರೆದುಬಿಡುತ್ತಾರೆ. ಬಟ್ಟು ತಾನೇ ಕೆಳಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತಿದೆಯಲ್ಲ, ಅದಕ್ಕೆ ಬೇಕಾದ ಪಾಲನ್ನು ಅದು ಇಟ್ಟುಕೊಂಡು ಮಿಕ್ಕಿದ್ದನ್ನಷ್ಟೇ ದಾರಕ್ಕೆ ಕೊಡುತ್ತದೆ. 0.1 ಗುಣಿಸು (9.8 ಕಳೆ 0.78), ಅಂದರೆ 0.90 ನ್ಯೂಟನ್. ಟಾರ್ಕ್ 0.90 ಗುಣಿಸು 0.31, ಅಂದರೆ 0.28 ನ್ಯೂಟನ್ ಮೀಟರ್.

ಈ ಟಾರ್ಕ್ ಮಾಡಿದ ಕೆಲಸ ಎರಡು. ಗಾಲಿಗೆ 2.52 ಕೊಟ್ಟಿದೆ, ಜೊತೆಗೆ ಘರ್ಷಣೆ ತಿನ್ನುತ್ತಿದ್ದ 0.15ನ್ನೂ ತುಂಬಿಕೊಟ್ಟಿದೆ. ಒಟ್ಟು 2.67. ಆದ್ದರಿಂದ ಜಡತ್ವ ಭ್ರಾಮಕ 0.28 ಭಾಗಿಸು 2.67: 0.105 ಕಿಲೋಗ್ರಾಂ ಮೀಟರ್ ವರ್ಗ. ಇಷ್ಟು ಸಿಕ್ಕಿದರೆ ಗಾಲಿ ನಿಮ್ಮ ಕೈವಶ.

ಈ ಪ್ರಯೋಗದಲ್ಲೇ ನಿಯಮವನ್ನು ಪರೀಕ್ಷಿಸಿಬಿಡಬಹುದು, ಬಿಡಬೇಡಿ. ದಾರ ಕೊಟ್ಟ ಕೋನೀಯ ಆವೇಗ 0.28 ಗುಣಿಸು 1.60, ಅಂದರೆ 0.45. ಘರ್ಷಣೆ ಕಸಿದದ್ದು 0.105 ಗುಣಿಸು 0.15 ಗುಣಿಸು 1.60, ಸುಮಾರು 0.025. ಉಳಿದದ್ದು ಹತ್ತಿರಹತ್ತಿರ 0.42. ಈಗ ಗಾಲಿಯನ್ನೇ ಕೇಳೋಣ. ಬಟ್ಟು ನೆಲ ಮುಟ್ಟಿದ ಮೇಲಿನ ಮೊದಲ ಸುತ್ತಿಗೆ ನನ್ನ ವಿಡಿಯೋದಲ್ಲಿ 1.6 ಸೆಕೆಂಡ್ ಹಿಡಿದಿದೆ. ಸರಾಸರಿ ಕೋನೀಯ ವೇಗ 3.93, ಆ ಸುತ್ತಿನ ಮೊದಲರ್ಧದ ಘರ್ಷಣೆಗೆ 0.12 ಸೇರಿಸಿದರೆ ಆರಂಭದ ಕೋನೀಯ ವೇಗ 4.05. ಅದನ್ನು 0.105ರಿಂದ ಗುಣಿಸಿದರೆ 0.425. ದಾರದ ಕಡೆಯಿಂದ 0.42, ಗಾಲಿಯ ಕಡೆಯಿಂದ 0.425. ಗೋಣಿಚೀಲ, ಬೆಂಕಿಕಡ್ಡಿಯ ಪ್ರಯೋಗಾಲಯಕ್ಕೆ ಇದು ಧಾರಾಳವಾಯಿತು.

ಇನ್ನು ಏಟು

ಕಡ್ಡಿಗಳ ನಡುವೆ ಬೆರಳು ಹೋದರೆ ಬೆರಳು ಉಳಿಯುವುದಿಲ್ಲ, ಇದನ್ನು ಸೈಕಲ್ ಶಾಪಿನವನ ಮಗಳಾಗಿ ಹೇಳುತ್ತಿದ್ದೇನೆ. ರಿಮ್ಮಿನ ಅಂಚೂ ಕೊಯ್ಯುತ್ತದೆ. ಕೈಗೆ ಹಳೇ ಹವಾಯಿ ಚಪ್ಪಲಿ ತೊಡಿಸಿಕೊಂಡು, ರಿಮ್ಮಿನ ಹೊರಮೈ ಮೇಲೆ, ಗಾಲಿ ತಿರುಗುವ ದಿಕ್ಕಿಗೇ ಸವರಿದ ಹಾಗೆ ಒಂದು ಏಟು ಕೊಡಿ. ಫೋನು ಸ್ಲೋ ಮೋಷನ್‌ನಲ್ಲಿರಲಿ. ನನ್ನ ಫೋನು ಸೆಕೆಂಡಿಗೆ 240 ಫ್ರೇಮು ಹಿಡಿಯುತ್ತದೆ.

ಏಟಿನ ನಂತರದ ಮೊದಲ ಸುತ್ತಿಗೆ 120 ಫ್ರೇಮು, ಅರ್ಧ ಸೆಕೆಂಡ್. ಕೋನೀಯ ವೇಗ 12.6. ಗಾಲಿ ಮೊದಲು ನಿಂತಿತ್ತು, ಆದ್ದರಿಂದ ನನ್ನ ಚಪ್ಪಲಿ ಕೊಟ್ಟ ಕೋನೀಯ ಆವೇಗ 0.105 ಗುಣಿಸು 12.6, ಅಂದರೆ 1.32 ನ್ಯೂಟನ್ ಮೀಟರ್ ಸೆಕೆಂಡ್. ಬಲ ಎಷ್ಟಿತ್ತು ಎಂದು ನಾನೆಲ್ಲೂ ಕೇಳಲಿಲ್ಲ, ಗಮನಿಸಿ. ಕುತೂಹಲಕ್ಕೆ ಬೇಕಾದರೆ ಹಿಂದಕ್ಕೆ ಹೋಗಬಹುದು. ಚಪ್ಪಲಿ ರಿಮ್ಮಿಗೆ ತಾಗಿಕೊಂಡಿದ್ದು 24 ಫ್ರೇಮು, 0.1 ಸೆಕೆಂಡ್. ಸರಾಸರಿ ಟಾರ್ಕ್ 13.2, ಸರಾಸರಿ ಬಲ ಸುಮಾರು 43 ನ್ಯೂಟನ್, ನಾಲ್ಕು ಕೆಜಿ ಚೀಲ ಹಿಡಿದಷ್ಟು. ಸರಾಸರಿ ಅಂದೆ. ನಡುಮಧ್ಯದಲ್ಲಿ ಬಲ ಇದಕ್ಕಿಂತ ಹೆಚ್ಚಿಗೇ ಇದ್ದಿರಬೇಕು.

ಈಗ ತಿರುಗುತ್ತಿರುವ ಗಾಲಿಗೆ ಎದುರು ದಿಕ್ಕಿನಿಂದ ಒಂದು ಕೊಡಿ. 12.6ರಲ್ಲಿ ಬಲಕ್ಕೆ ತಿರುಗುತ್ತಿದ್ದದ್ದು ನಿಂತು, ಎಡಕ್ಕೆ ಸೆಕೆಂಡಿಗೆ ಒಂದು ಸುತ್ತಿನಂತೆ ಹೊರಟಿತು ಅನ್ನಿ. ಏಟಿನ ಆವೇಗ ಎಷ್ಟು? 12.6ರಲ್ಲಿ 6.3 ಕಳೆದು, 0.105ರಿಂದ ಗುಣಿಸಿ 0.66 ಎಂದು ಉತ್ತರ ಪತ್ರಿಕೆಯಲ್ಲಿ ಬರೆದವರಿಗೆ ನಾನು ಸೊನ್ನೆ ಹಾಕಿದ್ದೇನೆ, ಬೈಸಿಕೊಂಡೂ ಇದ್ದೇನೆ. ಮೊದಲು ಇದ್ದ 12.6ನ್ನು ಪೂರ್ತಿ ಅಳಿಸಬೇಕು, ಆಮೇಲೆ ಉಲ್ಟಾ 6.3 ಕೊಡಬೇಕು. ಸಾಲ ತೀರಿಸಿದ ಮೇಲೆ ಉಳಿತಾಯ. ಒಟ್ಟು 18.9, ಆವೇಗ 1.98. ಶುರುವಿನಲ್ಲೇ ಒಂದು ದಿಕ್ಕಿಗೆ ಕೂಡು ಚಿಹ್ನೆ ಕೊಟ್ಟು ಕೊನೆವರೆಗೂ ಅದನ್ನೇ ಹಿಡಿದುಕೊಂಡರೆ ಈ ಪೇಚು ಬರುವುದಿಲ್ಲ.

ಏಟಿನ ದಿಕ್ಕೂ ಮುಖ್ಯ. ರಿಮ್ಮನ್ನು ಹಬ್ಬಿನ ಕಡೆಗೆ ನೇರವಾಗಿ ಎಷ್ಟೇ ಜೋರಾಗಿ ಗುದ್ದಿ, ಸೈಕಲ್ ಅಲ್ಲಾಡೀತೇ ಹೊರತು ಗಾಲಿ ತಿರುಗದು. ಬಲದ ಗೆರೆ ಅಕ್ಷದ ಮೂಲಕವೇ ಹಾದುಹೋದರೆ ಲಂಬ ದೂರ ಸೊನ್ನೆ, ಆವೇಗವೂ ಸೊನ್ನೆ.

ಸಣ್ಣ ಟಾರ್ಕ್, ತುಂಬಾ ಹೊತ್ತು

ಕುಂಬಾರರ ತಿಗರಿ ನೋಡಿದ್ದೀರಾ? ಮೋಟಾರಿನದಲ್ಲ, ಕೋಲಿನದು. ಚಕ್ರದ ಅಂಚಿನ ಕುಳಿಗೆ ಕೋಲು ಇಟ್ಟು ಗರಗರ ನಾಲ್ಕಾರು ಸಲ ತಿರುವಿ, ಕೋಲು ಬದಿಗಿಟ್ಟು, ಮಣ್ಣಿಗೆ ಕೈ ಹಾಕುತ್ತಾರೆ. ಒಂದೊಂದು ತಿರುವೂ ಒಂದೊಂದು ಕಂತು, ಎಲ್ಲ ಜಮಾ ಆಗುತ್ತಾ ಹೋಗುತ್ತದೆ. ಚಕ್ರದ ಭಾರವೆಲ್ಲ ಅಂಚಿನಲ್ಲಿರುವುದರಿಂದ ಜಡತ್ವ ಭ್ರಾಮಕ ದೊಡ್ಡದು. ಒಂದೊಂದು ಕಂತಿಗೂ ವೇಗ ಸ್ವಲ್ಪವೇ ಏರುತ್ತದೆ, ಆದರೆ ಮಣ್ಣನ್ನು ಅದುಮುವ ಬೆರಳುಗಳ ಘರ್ಷಣೆಗೂ ವೇಗ ಸ್ವಲ್ಪವೇ ಇಳಿಯುತ್ತದೆ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದು ಗಾದೆ ದೊಣ್ಣೆಯನ್ನು ಬೈಯುತ್ತದೆ. ತಿಗರಿಯ ಹತ್ತಿರ ಮಾತ್ರ ಅದೇ ಜಾತಿಯ ಕೋಲು ಕುಂಬಾರನ ಕಡೆ.

ತೋಟದ ಹಳೇ ಡೀಸೆಲ್ ಎಂಜಿನ್ ಹ್ಯಾಂಡಲ್ ಹೊಡೆದು ಚಾಲೂ ಮಾಡಿದವರು ಇದನ್ನು ಕೈಯಾರೆ ಬಲ್ಲರು. ಮೊದಲು ಡಿಕಂಪ್ರೆಷನ್ ಲಿವರ್ ಎತ್ತಿ, ಗಾಳಿ ಅದುಮದ ಹಾಗೆ ಮಾಡಿ, ಫ್ಲೈವೀಲಿಗೆ ಸುತ್ತಿನ ಮೇಲೆ ಸುತ್ತು ತುಂಬುವುದು. ವೇಗ ಸಾಕಾಯಿತು ಅನ್ನಿಸಿದಾಗ ಲಿವರ್ ಬಿಟ್ಟುಬಿಡುವುದು. ತೋಳಿಗೆ ಒಂದೇ ಏಟಿಗೆ ಆಗದ ಕೆಲಸವನ್ನು ತೋಳು ಹತ್ತು ಸೆಕೆಂಡಿನಲ್ಲಿ ಕೂಡಿಟ್ಟ ಕೋನೀಯ ಸಂವೇಗ ಮಾಡುತ್ತದೆ.

ತುಂಬಾ ಹೊತ್ತು ಎಂದರೆ ಎಷ್ಟು ಹೊತ್ತು? ಬೆಂಗಳೂರಿನಲ್ಲಿ ಉಪಗ್ರಹ ಕಟ್ಟುವವರನ್ನು ಕೇಳಬೇಕು. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ, ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ 360 ಕೆಜಿಯ, ಗೋಳದಂತೆ ಕಾಣುವ 26 ಮುಖಗಳ ಉಪಗ್ರಹ, ಬುಗುರಿಯ ಹಾಗೆ ತಾನೇ ತಿರುಗುತ್ತಾ ಸ್ಥಿರವಾಗಿರುತ್ತಿತ್ತು. ಈಗಿನ ಬಹಳಷ್ಟು ಉಪಗ್ರಹಗಳು ಒಳಗೆ ಪುಟ್ಟ ಗಾಲಿಗಳನ್ನು ತಿರುಗಿಸಿಕೊಂಡು ಮುಖ ಆ ಕಡೆ ಈ ಕಡೆ ಮಾಡುತ್ತವೆ. ಅವುಗಳ ಸೌರಫಲಕದ ರೆಕ್ಕೆಯ ಮೇಲೆ ಬೀಳುವ ಬಿಸಿಲೇ ಮೆಲ್ಲಗೆ ತಳ್ಳುತ್ತಿರುತ್ತದೆ. ಆ ಟಾರ್ಕ್ ಒಂದು ನ್ಯೂಟನ್ ಮೀಟರಿನ ಲಕ್ಷದಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳಿ, ನೊಣ ಕೂಡ ನಗುವಷ್ಟು. ಒಂದು ದಿನಕ್ಕೆ 86,400 ಸೆಕೆಂಡ್. ಗುಣಿಸಿದರೆ 0.86. ನನ್ನ ಚಪ್ಪಲಿ ಏಟು 1.32 ಇತ್ತಲ್ಲ, ಇಡೀ ದಿನದ ಬಿಸಿಲು ಅದರ ಮೂರನೇ ಎರಡು ಭಾಗ. ಒಳಗಿನ ಗಾಲಿಗಳು ಅದನ್ನೆಲ್ಲ ನುಂಗಿಕೊಳ್ಳುತ್ತಾ ವೇಗ ಏರಿಸಿಕೊಳ್ಳುತ್ತವೆ. ಇನ್ನು ಏರಲಾರದು ಎಂಬ ಹಂತಕ್ಕೆ ಬಂದಾಗ ಥ್ರಸ್ಟರ್ ಎಂಬ ಪುಟ್ಟ ರಾಕೆಟ್ ಉರಿಸಿಯೋ, ಭೂಮಿಯ ಕಾಂತಕ್ಷೇತ್ರವನ್ನು ಹಿಡಿದುಕೊಂಡೋ ಎದುರು ಆವೇಗ ಕೊಟ್ಟು ಗಾಲಿಗಳ ಹೊರೆ ಇಳಿಸಬೇಕು.

ಬಾಗಿಲಿಗೆ ವಾಪಸ್ಸು

ಹಿಂಜು ಕಿತ್ತದ್ದರಿಂದ ಒಂದು ಉಪಕಾರವಾಯಿತು, ಬಾಗಿಲನ್ನು ತೂಗಬಹುದಾಯಿತು. ಮಗ ಅದನ್ನು ತಬ್ಬಿಕೊಂಡು ತೂಕದ ಯಂತ್ರದ ಮೇಲೆ ನಿಂತ, ಆಮೇಲೆ ಒಬ್ಬನೇ ನಿಂತ. ವ್ಯತ್ಯಾಸ 20 ಕೆಜಿ. ಅಗಲ 90 ಸೆಂಟಿಮೀಟರ್. ಗಾಳಿಗೆ ಬಡಿದುಕೊಳ್ಳುವಾಗ ಅಂಚಿನ ವೇಗ ಎಷ್ಟೆಂದು, ಬಾಗಿಲನ್ನು ತಾತ್ಕಾಲಿಕವಾಗಿ ಕೂರಿಸಿ, ವಿಡಿಯೋ ತೆಗೆದು ನೋಡಿದೆವು: ಸೆಕೆಂಡಿಗೆ ಸುಮಾರು 2 ಮೀಟರ್. 0.9ರಿಂದ ಭಾಗಿಸಿ, ಕೋನೀಯ ವೇಗ 2.22.

ಒಂದು ಅಂಚಿನ ಸುತ್ತ ತಿರುಗುವ ಹಲಗೆಯ ಜಡತ್ವ ಭ್ರಾಮಕ, ತೂಕ ಗುಣಿಸು ಅಗಲದ ವರ್ಗ, ಅದರ ಮೂರನೇ ಒಂದು: 5.4. ಕೋನೀಯ ಸಂವೇಗ 12. ಬಾಗಿಲು ನಿಲ್ಲಬೇಕಾದರೆ ಸ್ಟಾಪರ್ ಈ 12ನ್ನು ಪೂರ್ತಿ ಹಿಂಪಡೆಯಬೇಕು, ಇದರಲ್ಲಿ ಚೌಕಾಶಿ ಇಲ್ಲ. ಹಿಂಜು ಅಕ್ಷದಲ್ಲೇ ಕೂತಿರುವುದರಿಂದ ಅದರ ಕೈಯಿಂದ ಏನೂ ಸಹಾಯವಾಗುವುದಿಲ್ಲ.

ಆದರೆ ಬಾಗಿಲಿಗೆ ಇನ್ನೊಂದು ಖಾತೆಯೂ ಇದೆ, ಸಾಮಾನ್ಯ ಸಂವೇಗದ್ದು. ಅದರ ನಡುಭಾಗ ಸೆಕೆಂಡಿಗೆ 1 ಮೀಟರ್ ವೇಗದಲ್ಲಿದೆ, 20 ಕೆಜಿಗೆ ಸಂವೇಗ 20. ನಿಲ್ಲುವಾಗ ಇದೂ ತೀರಬೇಕು. ಎರಡು ಖಾತೆಯನ್ನೂ ಒಟ್ಟಿಗೆ ನೋಡಿದಾಗ ಬಡಗಿಯ ತಪ್ಪು ಕಣ್ಣಿಗೆ ಬೀಳುತ್ತದೆ.

ಸ್ಟಾಪರ್ ಇದ್ದದ್ದು 15 ಸೆಂಟಿಮೀಟರಿನಲ್ಲಿ. ಅಷ್ಟು ಸಣ್ಣ ದೂರದಿಂದ 12ರ ಕೋನೀಯ ಆವೇಗ ಕೊಡಬೇಕಾದರೆ ಅದು 12 ಭಾಗಿಸು 0.15, ಅಂದರೆ 80 ನ್ಯೂಟನ್ ಸೆಕೆಂಡ್ ಆವೇಗದಿಂದ ಬಾಗಿಲನ್ನು ಒದೆಯಬೇಕು. ಬಾಗಿಲಿನ ಸಂವೇಗ ತೀರಲು ಬೇಕಿದ್ದದ್ದು 20. ಹೆಚ್ಚಾದ 60 ಎಲ್ಲಿ ಹೋಗಬೇಕು? ಹಿಂಜಿಗೆ. ಹಾರೆಯ ಕೆಳಗೆ ಕಲ್ಲು ಕೊಟ್ಟು ಮೀಟಿದ ಹಾಗೆ, ಸ್ಟಾಪರೇ ಕಲ್ಲಾಗಿ, ಬಾಗಿಲೇ ಹಾರೆಯಾಗಿ, ಹಿಂಜನ್ನು ಚೌಕಟ್ಟಿನಿಂದ ಮೀಟುತ್ತದೆ. ರಬ್ಬರು ಅದುಮಿ ನಿಲ್ಲಲು 0.02 ಸೆಕೆಂಡ್ ಹಿಡಿಯುತ್ತದೆ ಎಂದರೆ 3000 ನ್ಯೂಟನ್, ಮುನ್ನೂರು ಕೆಜಿ ಭಾರದಷ್ಟು ಎಳೆತ. ಎರಡಿಂಚಲ್ಲ, ನಾಲ್ಕಿಂಚಿನ ಸ್ಕ್ರೂ ಹಾಕಿದರೂ ಮರ ಸೀಳುತ್ತದೆ.

ಸ್ಟಾಪರನ್ನು ದೂರ ದೂರ ಸರಿಸುತ್ತಾ ಲೆಕ್ಕ ಮಾಡಿ. ನಡುವಿನಲ್ಲಿ, 45 ಸೆಂಟಿಮೀಟರಿನಲ್ಲಿ ಇಟ್ಟರೆ ಸ್ಟಾಪರ್ ಕೊಡುವುದು 26.7, ಹಿಂಜಿಗೆ ಇನ್ನೂ 6.7 ಮೀಟುವ ಎಳೆತ. ತುದಿಯಲ್ಲಿ, 90ರಲ್ಲಿ ಇಟ್ಟರೆ ಸ್ಟಾಪರ್ ಕೊಡುವುದು 13.3 ಮಾತ್ರ, ಮಿಕ್ಕ 6.7ನ್ನು ಹಿಂಜು ಎದುರು ದಿಕ್ಕಿಗೆ ಹೊರಬೇಕು. ನಡುವೆ ಎಲ್ಲೋ ಒಂದು ಕಡೆ ಹಿಂಜಿಗೆ ಏನೂ ಬೀಳದ ಜಾಗ ಇರಲೇಬೇಕಲ್ಲ? 60 ಸೆಂಟಿಮೀಟರ್. 12 ಭಾಗಿಸು 0.6, ಸರಿಯಾಗಿ 20. ಎರಡು ಖಾತೆಯೂ ಒಂದೇ ಏಟಿಗೆ ಚುಕ್ತಾ. ಬಾಗಿಲಿನ ತೂಕ, ಗಾಳಿಯ ಜೋರು ಏನೇ ಇರಲಿ, ಒಂದೇ ದಪ್ಪದ ಹಲಗೆಯಾದರೆ ಉತ್ತರ ಹಿಂಜಿನಿಂದ ಅಗಲದ ಮೂರನೇ ಎರಡು ಭಾಗ. ಕ್ರಿಕೆಟ್ ಬ್ಯಾಟಿನಲ್ಲಿ ಕೈಗೆ ಝುಮ್ಮೆನ್ನದೆ ಚೆಂಡು ಹಾರುವ ಜಾಗವೊಂದು ಇರುತ್ತದಲ್ಲ, ಅದಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ.

ಬಡಗಿಯನ್ನು ಕರೆಸಿ 60 ಸೆಂಟಿಮೀಟರಿಗೆ ಸೀಮೆಸುಣ್ಣದ ಗುರುತು ಹಾಕಿ ಕೊಟ್ಟೆ. ನೆಲಕ್ಕೆ ಡ್ರಿಲ್ ಇಡಲು ಹೋದವನನ್ನು ಮತ್ತೆ ತಡೆದೆ. ಸ್ಟಾಪರ್ ನೆಲದ ಮಟ್ಟದಲ್ಲಿದ್ದರೆ ಏಟು ಬಾಗಿಲಿನ ಬುಡಕ್ಕೆ ಬೀಳುತ್ತದೆ, ಬಾಗಿಲಿನ ಸಂವೇಗ ಇರುವುದು ನಡು ಎತ್ತರದಲ್ಲಿ. ನಮ್ಮದು ಎರಡು ಮೀಟರ್ ಎತ್ತರದ ಬಾಗಿಲು, ಅಂತರ ಒಂದು ಮೀಟರ್. 20 ಗುಣಿಸು 1, ಇನ್ನೊಂದು ಅಕ್ಷದ ಸುತ್ತ 20ರ ಕೋನೀಯ ಆವೇಗ, ಅದನ್ನು ತಡೆಯಬೇಕಾದವು ಮತ್ತೆ ಅದೇ ಹಿಂಜುಗಳು. ಮೇಲಿನದಕ್ಕೂ ಕೆಳಗಿನದಕ್ಕೂ ಒಂದೂವರೆ ಮೀಟರ್ ಅಂತರವಿದೆ, ಒಂದೊಂದಕ್ಕೆ 13ರಷ್ಟು, ಎದುರುಬದುರು ದಿಕ್ಕಿಗೆ. ಮೊದಲಿನ 60ರ ಮುಂದೆ ಇದು ಕಡಿಮೆಯೇ, ಆದರೂ ಸುಮ್ಮನೆ ಯಾಕೆ ಹೊರಿಸಬೇಕು?

ಕೊನೆಗೆ ಗೋಡೆಗೆ ಒಂದು ಮರದ ಗುಟ್ಟ ಬಡಿದು, ಅದರ ಮೂತಿಗೆ ಹಳೇ ಟ್ಯೂಬಿನ ರಬ್ಬರು ನಾಲ್ಕು ಪದರ ಸುತ್ತಿ, ನೆಲದಿಂದ ಒಂದು ಮೀಟರ್ ಮೇಲೆ, ಹಿಂಜಿನಿಂದ 60 ಸೆಂಟಿಮೀಟರಿಗೆ ಕೂರಿಸಿದೆವು. "ಗೋಡೆ ಮಧ್ಯ ಇದೇನ್ ಮೇಡಂ, ನೋಡೋಕೆ ಚೆನ್ನಾಗಿರಲ್ಲ" ಅಂದ. ಚೆನ್ನಾಗಿಲ್ಲ, ನಿಜ. ನಮ್ಮತ್ತೆ ಅದಕ್ಕೆ ಟವೆಲ್ಲು ನೇತುಹಾಕಲು ಶುರುಮಾಡಿದ್ದಾರೆ. ರಬ್ಬರಿನ ಜೊತೆಗೆ ಟವೆಲ್ಲೂ ಅದುಮಿಕೊಳ್ಳುವುದರಿಂದ ಬಾಗಿಲು ನಿಲ್ಲುವ ಸಮಯ ತುಸು ಹೆಚ್ಚಿದೆ, ಧಡಾರ್ ಎನ್ನುತ್ತಿದ್ದದ್ದು ಈಗ ಧಪ್ ಎನ್ನುತ್ತದೆ.